ಟ್ಯಾಂಕ್ ತುಂಬಿರಲಿ, ಪೈಪಿನ ಕೆಲಸವೂ ಆಗಲಿ

ಓದುಗರ ಪ್ರಶ್ನೆಗಳಿಗೆ ಬಲ್ಲವರ ಉತ್ತರ. ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತಾಪತ್ರಯದ ಸುತ್ತ ಇವೆ: ಮನೆಯ ನೀರಿನ ಲೈನಿನಲ್ಲಿ ಸಣ್ಣದೊಂದು ಬದಲಾವಣೆ ಮಾಡಬೇಕು, ಆದರೆ ಅದಕ್ಕಾಗಿ ಟ್ಯಾಂಕನ್ನೆಲ್ಲ ಖಾಲಿ ಮಾಡಲು ಮನಸ್ಸಿಲ್ಲ.

ಪ್ರಶ್ನೆ: ಮಹಡಿಯ ಟ್ಯಾಂಕಿನಿಂದ ಇಳಿಯುವ ಪೈಪಿಗೆ ವಾಲ್ವೇ ಇಲ್ಲ. ವಾಷಿಂಗ್ ಮಷಿನ್‌ಗೆ ಹೊಸದಾಗಿ ಒಂದು ನಲ್ಲಿ ಬೇಕು. ಸಾವಿರ ಲೀಟರ್ ನೀರು ಚೆಲ್ಲದೆ ದಾರಿ ಇದೆಯೇ?

ಉತ್ತರ: ಪೈಪನ್ನು ಕತ್ತರಿಸಲೇಬೇಕೇ ಎಂದು ಮೊದಲು ನೋಡಿಕೊಳ್ಳಿ. ಮಷಿನ್ ಇಡುವ ಜಾಗದ ಹತ್ತಿರ ವಾಶ್ ಬೇಸಿನ್ನಿನದೋ ಫ್ಲಶ್ ಟ್ಯಾಂಕಿನದೋ ಆಂಗಲ್ ವಾಲ್ವ್ (ಗೋಡೆಯಿಂದ ಹೊರಬರುವ ಪುಟ್ಟ ವಾಲ್ವ್) ಇದ್ದರೆ ಅರ್ಧ ಗಂಟೆಯ ಕೆಲಸ. ಅದನ್ನು ಮುಚ್ಚಿ, ಮುಂದಿನ ಕನೆಕ್ಷನ್ ಪೈಪ್ ಬಿಚ್ಚಿ, ನಡುವೆ ಒಂದು ಹಿತ್ತಾಳೆ ಟೀ ತಿರುಗಿಸಿ ಕೂರಿಸಿ. ಅದರ ಎರಡು ಬಾಯಿ ಅರ್ಧ ಇಂಚಿನವು, ಮೂರನೆಯದು ಪುಟ್ಟ ಬಾಲ್ ವಾಲ್ವ್ ಸಮೇತ ಮುಕ್ಕಾಲು ಇಂಚಿನದು. ಮಷಿನ್ನಿನ ಹೋಸ್ ಕೂರುವುದು ಮುಕ್ಕಾಲು ಇಂಚಿನ ಥ್ರೆಡ್ಡಿಗೇ. ಟ್ಯಾಂಕಿನ ಕಡೆ ಹೋಗುವ ಪ್ರಮೇಯವೇ ಇಲ್ಲ.

ಹತ್ತಿರ ಅಂಥದ್ದೇನೂ ಇಲ್ಲ, ಲೈನನ್ನೇ ಕತ್ತರಿಸಬೇಕು ಎಂದರೆ ಟ್ಯಾಂಕಿನಿಂದ ನೀರು ಹೊರಡುವ ಬಾಯಿಯನ್ನು ಒಳಗಿನಿಂದ ಮುಚ್ಚಬೇಕು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಔಟ್‌ಲೆಟ್ ನಿಪ್ಪಲ್ (ಆ ಬಾಯಿಗೆ ಕೂರಿಸಿದ ಮೋಟು ಪೈಪ್) ಬಹುತೇಕ ಟ್ಯಾಂಕುಗಳಲ್ಲಿ ಒಳಗಡೆಯ ನಟ್ಟನ್ನು ದಾಟಿ ಎರಡು ಮೂರು ಸೆಂ.ಮೀ. ಚಾಚಿಕೊಂಡಿರುತ್ತದೆ, ಮೇಲೆ ಥ್ರೆಡ್ ಇರುತ್ತದೆ. ಅದೇ ಅಳತೆಯ ಎಂಡ್ ಕ್ಯಾಪಿನೊಳಗೆ ರಬ್ಬರ್ ವಾಷರ್ ಇಟ್ಟು ಕೈಯಲ್ಲೇ ಬಿಗಿದರೆ ಸಾಕು, ಹನಿ ಕೂಡ ಬೀಳುವುದಿಲ್ಲ. ಸ್ಪಾನರ್ ಹಾಕಬೇಡಿ. ನಿಪ್ಪಲ್ಲೇ ತಿರುಗಿ ಟ್ಯಾಂಕಿನ ಗೋಡೆಯ ವಾಷರ್ ಸಡಿಲವಾದರೆ ಆಮೇಲೆ ಖಂಡಿತ ಟ್ಯಾಂಕ್ ಖಾಲಿ ಮಾಡಬೇಕಾಗುತ್ತದೆ. ಥ್ರೆಡ್ ಇಲ್ಲದಿದ್ದರೆ ತುದಿಗೆ ಸಣ್ಣಗಾಗುವ ರಬ್ಬರ್ ಬಿರಡೆ ಒತ್ತಿ. 1 ಮೀಟರ್ ಆಳದ ನೀರು 25 ಮಿ.ಮೀ. ಬಾಯಿಯ ಮೇಲೆ ಹಾಕುವ ಭಾರ ಸುಮಾರು ಅರ್ಧ ಕಿಲೋ ಅಷ್ಟೇ. ಹೀಗಾಗಿ ಬಿರಡೆಯನ್ನು ನೀರೇ ಒತ್ತಿ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಕಿತ್ತು ತೆಗೆಯುವುದೂ ಕಷ್ಟವಲ್ಲ. ಬಿರಡೆಗೆ ಗಟ್ಟಿ ನೈಲಾನ್ ದಾರ ಕಟ್ಟಿ, ಇನ್ನೊಂದು ತುದಿಯನ್ನು ಟ್ಯಾಂಕಿನ ಹೊರಗೆ ಬಿಗಿದಿಡಿ. ಬರೀ ಬಟ್ಟೆ ತುರುಕುವ ರೂಢಿ ಮಾತ್ರ ಬೇಡವೇ ಬೇಡ. ಬಟ್ಟೆ ಮೆತ್ತಗಾಗಿ ಪೈಪಿನೊಳಕ್ಕೆ ಎಳೆದುಕೊಂಡು ಹೋಗಿ ಎಲ್ಲೋ ತಿರುವಿನ ಎಲ್ಬೊದಲ್ಲಿ ಸಿಕ್ಕಿಕೊಂಡರೆ ಗೋಡೆ ಒಡೆಯದೆ ಬೇರೆ ಗತಿ ಇಲ್ಲ. ಟ್ಯಾಂಕ್ ಆಳವಿದ್ದು ಕೈ ಎಟುಕದಿದ್ದರೆ ಹಿಂದಿನ ದಿನ ಪಂಪ್ ಹಾಕದೆ ಎಂದಿನಂತೆ ಬಳಸಿ, ಮಟ್ಟವನ್ನು ತೋಳಿನಷ್ಟು ಆಳಕ್ಕೆ ಇಳಿಸಿಕೊಳ್ಳಿ.

ಬಾಯಿ ಮುಚ್ಚಿದ ಮೇಲೆ ಉಳಿಯುವುದು ಪೈಪಿನೊಳಗಿನ ನೀರು. ಜನ ಹೆದರುವುದು ಇದಕ್ಕೇ, ಲೆಕ್ಕ ಹಾಕಿದರೆ ಮಾತ್ರ ಅದು ಏನೂ ಅಲ್ಲ. ಸಿಪಿವಿಸಿ (ಬಿಸಿನೀರಿಗೂ ತಾಳುವ ಪ್ಲಾಸ್ಟಿಕ್) ಪೈಪಾದರೆ ಅರ್ಧ ಇಂಚಿನದರಲ್ಲಿ ಮೀಟರಿಗೆ ನೂರಿಪ್ಪತ್ತು ಮಿ.ಲೀ., ಮುಕ್ಕಾಲು ಇಂಚಿನದರಲ್ಲಿ ಕಾಲು ಲೀಟರ್, ಒಂದು ಇಂಚಿನದರಲ್ಲಿ ಅರ್ಧ ಲೀಟರಿಗೂ ಕಡಿಮೆ. 20 ಮೀಟರ್ ಮುಕ್ಕಾಲು ಇಂಚಿನ ಲೈನ್ ಪೂರ್ತಿ ಬಸಿದರೂ 5 ಲೀಟರ್. ಒಂದು ಬಕೆಟ್ ತುಂಬುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಬಸಿಯಿರಿ, ಜೊತೆಗೆ ಎಲ್ಲಕ್ಕಿಂತ ಮೇಲಿನದನ್ನೂ ತೆರೆಯಿರಿ. ಮೇಲಿಂದ ಗಾಳಿ ಹೋಗದಿದ್ದರೆ, ಸ್ಟ್ರಾದ ಮೇಲ್ತುದಿಗೆ ಬೆರಳಿಟ್ಟಂತೆ ನೀರು ಪೈಪಿನಲ್ಲೇ ನೇತಾಡಿಕೊಂಡಿದ್ದು, ಬ್ಲೇಡ್ ಪೈಪಿಗೆ ಇಳಿದ ಗಳಿಗೆಯಲ್ಲಿ ಮುಖಕ್ಕೆ ಬರುತ್ತದೆ.

ಹೇಗೂ ಬಾಯಿ ಮುಚ್ಚಿದ್ದೀರಲ್ಲ, ನಲ್ಲಿಗೆ ಕೈ ಹಾಕುವ ಮೊದಲು ಟ್ಯಾಂಕಿನ ಬುಡದಲ್ಲೇ ಒಂದು ಬಾಲ್ ವಾಲ್ವ್ ಮತ್ತು ಯೂನಿಯನ್ (ನಟ್ ಸಡಿಲಿಸಿ ಬಿಚ್ಚಬಹುದಾದ ಜೋಡಣೆ) ಕೂರಿಸಿ. ಹೊಸ ಕವಲಿನ ಬುಡಕ್ಕೂ ಒಂದು ವಾಲ್ವ್ ಇರಲಿ. ಲೈನ್ ತೆರೆದಾಗಲೆಲ್ಲ ಒಂದು ವಾಲ್ವ್ ಬಿಟ್ಟು ಬರಬೇಕು ಎಂಬುದು ನಮ್ಮ ಹಟ. ನಾಲ್ಕು ಸಲ ಹೀಗೆ ಮಾಡಿದ ಮನೆಯಲ್ಲಿ ಐದನೆಯ ಕೆಲಸಕ್ಕೆ ಟ್ಯಾಂಕಿನ ಮಾತೇ ಬರುವುದಿಲ್ಲ.

ಪ್ರಶ್ನೆ: ಗೇಟ್ ವಾಲ್ವ್ ಪೂರ್ತಿ ತಿರುಗಿಸಿದ್ದೇವೆ, ಆದರೂ ಕತ್ತರಿಸಿದ ಬಾಯಿಯಿಂದ ನೀರು ತೊಟ್ಟಿಕ್ಕುತ್ತಲೇ ಇದೆ. ಸಿಪಿವಿಸಿಗೆ ಸಾಲ್ವೆಂಟ್ (ಪೈಪ್ ಅಂಟಿಸುವ ದ್ರವ) ಹಚ್ಚಲು ಆಗುತ್ತಿಲ್ಲ.

ಉತ್ತರ: ಆ ನೀರು ವಾಲ್ವಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅರ್ಧದಷ್ಟು ಸಲ ತಪ್ಪು ವಾಲ್ವಿನದಾಗಿರುವುದಿಲ್ಲ.

ತೊಟ್ಟಿಕ್ಕುವ ನೀರು ಬೆಚ್ಚಗಿದೆಯೇ? ಹಾಗಿದ್ದರೆ ಅದು ಗೀಸರಿನದು. ಗೀಸರಿಗೆ ತಣ್ಣೀರು ಹೋಗುವ ಬಾಯಿಯಲ್ಲಿ ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಅದರ ಸ್ಪ್ರಿಂಗ್ ಸೋತಿದ್ದರೆ ಅಥವಾ ಸೀಟಿನಲ್ಲಿ ಕಸ ಕೂತಿದ್ದರೆ ತೊಟ್ಟಿಯ ನೀರು ಹಿಂದಕ್ಕೆ ಇಳಿಯುತ್ತದೆ. ಗೀಸರಿನ ಬುಡದ ಆಂಗಲ್ ವಾಲ್ವ್ ಮುಚ್ಚಿ. ಅದಕ್ಕೂ ಮೊದಲು ಗೀಸರಿನ ಎಂಸಿಬಿ ಇಳಿಸಿ. ನೀರಿಲ್ಲದೆ ಕಾದ ಎಲಿಮೆಂಟ್ ಸುಟ್ಟುಹೋಗುತ್ತದೆ. ಕೆಲಸ ಮುಗಿದ ಮೇಲೆ ಬಿಸಿನೀರಿನ ನಲ್ಲಿಯಿಂದ ಧಾರೆ ತಡೆಯಿಲ್ಲದೆ ಬಂದ ನಂತರವೇ ಮತ್ತೆ ಹಾಕಬೇಕು.

ಎರಡನೆಯ ಕಳ್ಳ ದಾರಿ ಮಿಕ್ಸರ್. ಲಿವರ್ ಎತ್ತಿಟ್ಟು, ಮುಂದೆ ಹ್ಯಾಂಡ್ ಶವರಿನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸುವ ಅಭ್ಯಾಸ ಹಲವರಿಗಿದೆ. ಆಗ ಬಿಸಿ ಲೈನೂ ತಣ್ಣನೆಯ ಲೈನೂ ಮಿಕ್ಸರಿನೊಳಗೆ ಒಂದಾಗಿರುತ್ತವೆ. ನೀವು ತಣ್ಣೀರಿನ ವಾಲ್ವ್ ಮುಚ್ಚಿದರೂ ಬಿಸಿ ಲೈನಿನಿಂದ ನೀರು ಸುತ್ತಿ ಬರುತ್ತದೆ. ಹಾಗಾಗಿ ಮನೆಯ ಮಿಕ್ಸರುಗಳನ್ನೆಲ್ಲ ಲಿವರಿನಲ್ಲೇ ಮುಚ್ಚಿ. ಪ್ರೆಶರ್ ಪಂಪ್ ಇದ್ದರೆ ಅದರ ಸ್ವಿಚ್ಚನ್ನೂ ಆರಿಸಿ, ಲೈನಿನ ಒತ್ತಡ ಇಳಿದೊಡನೆ ಅದು ತಾನಾಗಿ ಓಡತೊಡಗುತ್ತದೆ.

ಇವೆರಡೂ ಅಲ್ಲ, ವಾಲ್ವೇ ಸೋರುತ್ತಿದೆ ಎಂದಾದರೆ ಅದರ ಹಿಡಿಗೆ ಬಲ ಹಾಕಬೇಡಿ. ಗೇಟ್ ವಾಲ್ವಿನ ತಳದ ಕಾಲುವೆಯಲ್ಲಿ ಮರಳು, ಸುಣ್ಣದ ಪದರ ಕೂತಿರುತ್ತದೆ, ನೀರು ತಡೆಯುವ ತಗಡು ಕೊನೆಯ ತನಕ ಇಳಿಯುವುದಿಲ್ಲ. ಬಲ ಹಾಕಿದರೆ ಸ್ಪಿಂಡಲ್ ಮುರಿಯುತ್ತದೆ, ಆಗ ತೆರೆಯಲೂ ಆಗದು. ಕೆಳಗಿನ ನಲ್ಲಿ ತೆರೆದಿಟ್ಟು ವಾಲ್ವನ್ನು ಒಂದು ಸುತ್ತು ತೆರೆದು ಮುಚ್ಚಿ, ಹೀಗೆ ಐದಾರು ಸಲ. ಸಂದಿಯಲ್ಲಿ ರಭಸವಾಗಿ ಹರಿಯುವ ನೀರೇ ಕಸ ತೊಳೆದುಕೊಂಡು ಹೋಗಿ ಎಷ್ಟೋ ಸಲ ವಾಲ್ವ್ ಪೂರ್ತಿ ಕೂರುತ್ತದೆ.

ಆಮೇಲೂ ಹನಿ ನಿಲ್ಲದಿದ್ದರೆ ಆ ಹನಿಯನ್ನು ಬೇರೆಡೆಗೆ ತಿರುಗಿಸಿ. ಕತ್ತರಿಸಿದ ಜಾಗಕ್ಕಿಂತ ಮೇಲಿನ ಕಡೆ, ಅಂದರೆ ವಾಲ್ವಿಗೂ ನಿಮಗೂ ನಡುವೆ ಇರುವ ನಲ್ಲಿ ತೆರೆದರೆ ನೀರು ಅಲ್ಲೇ ಹೋಗುತ್ತದೆ. ಅಂಥ ನಲ್ಲಿ ಇಲ್ಲವಾದರೆ ಹಳೆಯ ಬ್ರೆಡ್ ಉಪಾಯ ಇದೆ: ಅಂಚು ತೆಗೆದ ಬಿಳಿ ಬ್ರೆಡ್ಡಿನ ಮೆತ್ತನೆಯ ಭಾಗವನ್ನು ಉಂಡೆ ಮಾಡಿ, ಜೋಡಣೆಯ ಜಾಗದಿಂದ ಒಂದು ಗೇಣು ಒಳಕ್ಕೆ ತಳ್ಳಿ. ಕೆಲವು ನಿಮಿಷ ನೀರನ್ನು ಹಿಡಿದಿಡುತ್ತದೆ, ಆಮೇಲೆ ಕರಗಿ ಬರುತ್ತದೆ. ಅದನ್ನು ಜಾಲರಿ ಬಿಚ್ಚಿದ ಸಾದಾ ನಲ್ಲಿಯಿಂದಲೇ ಹೊರಗೆ ಬಿಡಬೇಕು, ಗೀಸರಿನ ಕಡೆಗೋ ಮಿಕ್ಸರಿನ ಕಡೆಗೋ ಹೋಗಗೊಡಬಾರದು. ಇದು ಹನಿಗೆ ಮದ್ದು, ಧಾರೆಗಲ್ಲ.

ಸಿಕ್ಕ ಆ ಕೆಲವು ನಿಮಿಷಗಳಲ್ಲಿ ಕೆಲಸ ಹೀಗಿರಲಿ: ಪೈಪನ್ನು ನೇರವಾಗಿ ಕತ್ತರಿಸಿ, ಒಳ ಹೊರ ಅಂಚಿನ ಚೂರು ಕೆರೆದು, ಒಣ ಬಟ್ಟೆಯಿಂದ ಒರೆಸಿ. ಸಾಲ್ವೆಂಟ್ ಹಚ್ಚುವ ಮೊದಲು ಪೈಪನ್ನು ಸಾಕೆಟ್ಟಿಗೆ (ಪೈಪ್ ಕೂರುವ ಫಿಟ್ಟಿಂಗಿನ ಬಾಯಿ) ಹಾಕಿ ನೋಡಿ. ಮೂರನೆಯ ಒಂದು ಭಾಗದಿಂದ ಮೂರನೆಯ ಎರಡು ಭಾಗದ ತನಕ ಹೋಗಿ ಬಿಗಿಯಬೇಕು. ಸಲೀಸಾಗಿ ತಳ ಮುಟ್ಟಿದರೆ ಅಳತೆ ಸರಿಯಿಲ್ಲ. ಪೈಪಿಗೆ ಧಾರಾಳವಾಗಿ, ಸಾಕೆಟ್ಟಿಗೆ ತೆಳ್ಳಗೆ ಹಚ್ಚಿ. ಸಾಕೆಟ್ಟಿನೊಳಗೆ ಹೆಚ್ಚಾದದ್ದು ಮಡುಗಟ್ಟಿ ಪೈಪನ್ನೇ ಮೆತ್ತಗೆ ಮಾಡುತ್ತದೆ. ಕಾಲು ಸುತ್ತು ತಿರುಗಿಸುತ್ತ ತಳದ ತನಕ ಒತ್ತಿ, ಅರ್ಧ ನಿಮಿಷ ಬಿಡದೆ ಹಿಡಿಯಿರಿ. ಬಿಟ್ಟರೆ ಪೈಪ್ ತಾನಾಗಿ ಹಿಂದಕ್ಕೆ ಜಾರುತ್ತದೆ. ಸಿಪಿವಿಸಿಗೆ ಸಿಪಿವಿಸಿಯ ಸಾಲ್ವೆಂಟೇ ಬೇಕು, ಯುಪಿವಿಸಿಯ (ತಣ್ಣೀರಿನ ಪ್ಲಾಸ್ಟಿಕ್ ಪೈಪ್) ಡಬ್ಬಿ ಮನೆಯಲ್ಲಿದೆಯೆಂದು ಅದನ್ನು ಹಚ್ಚಬೇಡಿ. ನೀರು ಬಿಡುವ ಹೊತ್ತು ಡಬ್ಬಿಯ ಮೇಲೆ ಬರೆದಿರುತ್ತದೆ, ಚಳಿ ಮತ್ತು ತೇವ ಇದ್ದಷ್ಟೂ ಅದನ್ನು ಹೆಚ್ಚಿಸಿಕೊಳ್ಳಿ.

ಪಿಪಿಆರ್ (ಕಾಯಿಸಿ ಬೆಸೆಯುವ ಪ್ಲಾಸ್ಟಿಕ್) ಪೈಪಿಗೆ ಒಂದು ಹನಿಯೂ ಇರಕೂಡದು. ಬೆಸೆಯುವ ಯಂತ್ರ 260 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಹನಿ ಆವಿಯಾಗಿ ಬೆಸುಗೆಯೊಳಗೆ ಗುಳ್ಳೆ ಕಟ್ಟುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ತಿಂಗಳುಗಳ ಮೇಲೆ ಸೋರುತ್ತದೆ. ತೊಟ್ಟಿಕ್ಕುವ ಲೈನಿಗೆ ನಿಜವಾಗಿ ಹೇಳಿ ಮಾಡಿಸಿದ್ದು ಪುಶ್ ಫಿಟ್. ರಬ್ಬರ್ ರಿಂಗ್ ಇರುವ ಈ ಫಿಟ್ಟಿಂಗಿಗೆ ಒದ್ದೆ ಪೈಪ್ ಆದರೂ ಸರಿ, ಗೀರು ಮಾತ್ರ ಇರಬಾರದು. ಅಳತೆ ನೋಡಿ ಕೊಳ್ಳಿ: ಅರ್ಧ ಇಂಚಿನ ಸಿಪಿವಿಸಿಯ ಹೊರ ವ್ಯಾಸ 15.9 ಮಿ.ಮೀ., 15 ಮಿ.ಮೀ. ತಾಮ್ರದ ಕೊಳವೆಯ ಫಿಟ್ಟಿಂಗ್ ಅದಕ್ಕೆ ಕೂರದು.

ಪ್ರಶ್ನೆ: ಗೋಡೆಯೊಳಗಿನ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿಗೆ ನಡುವೆ ಟೀ ಹಾಕಬೇಕು. ಪೈಪ್ ಎರಡೂ ಕಡೆ ಅಲ್ಲಾಡುವುದಿಲ್ಲ. ಟೀ ಒಳಗೆ ಹೋಗುವುದು ಹೇಗೆ?

ಉತ್ತರ: ಹೋಗುವುದಿಲ್ಲ. ಮುಕ್ಕಾಲು ಇಂಚಿನ ಸಾಕೆಟ್ಟಿನ ಆಳ ಸುಮಾರು 18 ಮಿ.ಮೀ., ಅಷ್ಟಾದರೂ ಪೈಪ್ ಹಿಂದೆ ಸರಿಯಬೇಕು. ಅದಕ್ಕಾಗಿ ಗೋಡೆಯನ್ನು ಉದ್ದಕ್ಕೂ ಒಡೆಯುವುದಕ್ಕಿಂತ ಪೈಪನ್ನು ಹೊರಗೆ ತರುವುದು ಲೇಸು.

ಪೈಪಿನಿಂದ ಸುಮಾರು 15 ಸೆಂ.ಮೀ. ತುಂಡು ಕತ್ತರಿಸಿ ತೆಗೆಯಿರಿ. ಉಳಿದ ಎರಡು ತುದಿಗಳ ಸುತ್ತ ಬೆರಳು ಆಡುವಷ್ಟು ಗಾರೆ ಬಿಡಿಸಿ, ಒಂದೊಂದಕ್ಕೆ ಒಂದೊಂದು ಎಲ್ಬೊವನ್ನು ಗೋಡೆಯಿಂದ ಹೊರಮುಖವಾಗಿ ಅಂಟಿಸಿ. ನಡುವೆ ಜಾಗ ಇರುವುದರಿಂದ ಎರಡೂ ಸಲೀಸಾಗಿ ಕೂರುತ್ತವೆ. ಅಂಟಿಸುವಾಗ ಎರಡೂ ಒಂದೇ ಮಟ್ಟಕ್ಕೆ ಹೊರನೋಡುವಂತೆ ಪಟ್ಟಿ ಹಿಡಿದು ನೋಡಿ, ಕಾಲು ಸುತ್ತು ತಿರುಗಿಸಿದ ಮೇಲೆ ಸರಿಪಡಿಸಲು ಕ್ಷಣಗಳಷ್ಟೇ ಸಿಗುತ್ತವೆ. ಈಗ ಗೋಡೆಯಿಂದ ಎರಡು ಮೂಗು ಹೊರಬಂದಿರುತ್ತವೆ. ಅವಕ್ಕೆ ಮತ್ತೆರಡು ಎಲ್ಬೊ, ನಡುವೆ ಟೀ ಮತ್ತು ಒಂದು ಯೂನಿಯನ್. ಯೂನಿಯನ್ನಿನ ಎರಡು ಭಾಗಗಳು ಚಪ್ಪಟೆ ಮುಖದಲ್ಲಿ ಕೂಡುವುದರಿಂದ ಪೈಪನ್ನು ಹಿಂದಕ್ಕೆ ಎಳೆಯದೆ ಪಕ್ಕದಿಂದ ತಂದು ಸೇರಿಸಬಹುದು. ಗುಟ್ಟು ಇಷ್ಟೇ. 15 ಸೆಂ.ಮೀ. ಎಂಬುದು ಗೋಡೆಯೊಳಗಿನ ಎರಡು ಎಲ್ಬೊಗೆ ಸಾಲುವ ಅಳತೆ, ಹೊರಗಿನ ಟೀ ಮತ್ತು ಯೂನಿಯನ್ ಎರಡೂ ಹಿಡಿಸಲು ಹೆಚ್ಚು ಬೇಕಾಗಬಹುದು. ಫಿಟ್ಟಿಂಗುಗಳನ್ನು ನೆಲದ ಮೇಲೆ ಜೋಡಿಸಿ ಅಳೆದುಕೊಂಡೇ ಕತ್ತರಿಸಿ.

ಗೋಡೆಯೊಳಗೆ ಅಂಟಿಸಿದ ಜೋಡಣೆ ಇರಬಹುದು. ಯೂನಿಯನ್, ಪುಶ್ ಫಿಟ್, ರಬ್ಬರ್ ವಾಷರ್ ಇರುವ ಯಾವುದೂ ಇರಬಾರದು. ಹಳೆಯ ಸಿಪಿವಿಸಿ ಪೈಪ್ ಪೆಡಸಾಗಿರುತ್ತದೆ, ರ‍್ಯಾಚೆಟ್ ಕಟರ್ ಒತ್ತಿದರೆ ಉದ್ದಕ್ಕೆ ಕೂದಲೆಳೆಯ ಬಿರುಕು ಬಿಡುತ್ತದೆ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಬಳಸಿ. ಬಿರುಕು ಕಂಡರೆ ಅದು ಮುಗಿಯುವ ಜಾಗದಿಂದ ಇನ್ನೂ 5 ಸೆಂ.ಮೀ. ಬಿಟ್ಟು ಕತ್ತರಿಸಿ.

ಪ್ರಶ್ನೆ: ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಲೈನಿನಲ್ಲಿ ನಡುವಿನ ಒಂದು ತುಂಡು ತುಕ್ಕು ಹಿಡಿದಿದೆ. ಅಷ್ಟನ್ನೇ ಬದಲಿಸಬಹುದೇ?

ಉತ್ತರ: ಬದಲಿಸಬಹುದು, ಬ್ಲೇಡ್ ಇಡುವ ಮುನ್ನ ಒಂದು ಕೆಲಸ ಮಾಡಬೇಕು. ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ಥಿಂಗ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೇ ಕಟ್ಟಿರುವುದುಂಟು. ಎಲ್ಲೋ ವಿದ್ಯುತ್ ಸೋರಿಕೆ ಇದ್ದರೆ ಕತ್ತರಿಸಿದ ಎರಡು ತುದಿಗಳ ನಡುವೆ ಕರೆಂಟ್ ಹಾಯುತ್ತದೆ, ಎರಡನ್ನೂ ಹಿಡಿದವರಿಗೆ ಶಾಕ್ ಹೊಡೆಯುತ್ತದೆ. ಮೇನ್ ಸ್ವಿಚ್ ಆರಿಸಿ, ಕತ್ತರಿಸುವ ಜಾಗದ ಆಚೆ ಈಚೆ ದಪ್ಪ ತಾಮ್ರದ ತಂತಿಯನ್ನು ಕ್ಲಾಂಪ್ ಹಾಕಿ ಬಿಗಿಯಿರಿ. ನಡುವೆ ಪ್ಲಾಸ್ಟಿಕ್ ಪೈಪ್ ಸೇರಿಸುವುದಾದರೆ ಅರ್ಥಿಂಗ್ ದಾರಿ ಕಾಯಂ ಕಡಿದಂತೆ. ಎಲೆಕ್ಟ್ರೀಶಿಯನ್‌ಗೆ ತೋರಿಸದೆ ಮುಂದುವರಿಯಬೇಡಿ.

ತುಂಡಿನ ನಡುವೆ ಕತ್ತರಿಸಿ, ಎರಡು ಪೈಪ್ ರೆಂಚ್ ಹಿಡಿದು ಬಿಚ್ಚಿ: ಒಂದು ಪೈಪನ್ನು ತಿರುಗಿಸಲು, ಇನ್ನೊಂದು ಆಚೆಯ ಫಿಟ್ಟಿಂಗನ್ನು ಅಲುಗದಂತೆ ಹಿಡಿಯಲು. ಈ ಎರಡನೆಯದನ್ನು ಮರೆತರೆ ಮುಂದಿನ ಜೋಡಣೆ ಸಡಿಲವಾಗಿ, ಒಂದು ಸೋರಿಕೆಗೆ ಹೋದವರು ಮೂರು ಸೋರಿಕೆ ಮಾಡಿಕೊಂಡು ಬರುತ್ತಾರೆ. ಪೈಪಿನ ದಪ್ಪದ ಒಂದು ಪಾಲನ್ನು ಥ್ರೆಡ್ ಕೊರೆದೇ ತೆಗೆದಿರುವುದರಿಂದ ತುಕ್ಕು ಮೊದಲು ತಿನ್ನುವುದೂ ಅಲ್ಲೇ. ಬಿಚ್ಚಿದ ಮೇಲೆ ಆಚೆಯ ಥ್ರೆಡ್ಡನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡಿ. ಚೂರು ಉದುರಿದರೆ ಆ ತುಂಡೂ ಹೋಗಬೇಕು.

ಹೊಸದಾಗಿ ಎರಡು ತುಂಡು ಪೈಪ್, ನಡುವೆ ಯೂನಿಯನ್. ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ, ಎದುರು ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಯೂನಿಯನ್ನಿನ ನಡುವಿನ ದೊಡ್ಡ ನಟ್ಟಿಗೆ ಟೇಪ್ ಬೇಡ, ಅಲ್ಲಿ ನೀರು ತಡೆಯುವುದು ಒಳಗಿನ ಮುಖಗಳೇ ಹೊರತು ಥ್ರೆಡ್ ಅಲ್ಲ. ಸಿಪಿವಿಸಿಗೆ ಬದಲಾಗುವ ಕಡೆ ಹಿತ್ತಾಳೆ ಥ್ರೆಡ್ ಇರುವ ಅಡಾಪ್ಟರ್ ಬಳಸಿ, ಮೊದಲು ಅದನ್ನು ಕಬ್ಬಿಣಕ್ಕೆ ಬಿಗಿದು ಆಮೇಲೆ ಪೈಪ್ ಅಂಟಿಸಿ. ಅಂಟಿಸಿ ಆಮೇಲೆ ಬಿಗಿಯಲು ಹೋದರೆ ಹಸಿ ಜೋಡಣೆಯೇ ತಿರುಚಿಕೊಳ್ಳುತ್ತದೆ.

ಪ್ರಶ್ನೆ: ಪೈಪಿನೊಳಗಿನ ನೀರನ್ನು ಹೆಪ್ಪುಗಟ್ಟಿಸಿ ಕೆಲಸ ಮಾಡುತ್ತಾರಂತೆ, ನಿಜವೇ?

ಉತ್ತರ: ನಿಜ, ತಾಮ್ರ ಮತ್ತು ಉಕ್ಕಿನ ಪೈಪುಗಳಿಗೆ ಅದು ಒಪ್ಪಿತ ವಿಧಾನ. ಒಣ ಮಂಜುಗಡ್ಡೆ, ಅನಿಲದ ಸ್ಪ್ರೇ ಇಲ್ಲವೇ ವಿದ್ಯುತ್ ಯಂತ್ರದಿಂದ ಪೈಪಿನ ಒಂದು ತುಣುಕನ್ನು ತಣ್ಣಗಾಗಿಸಿ ಒಳಗೆ ಮಂಜಿನ ಬಿರಡೆ ಕಟ್ಟಿಸುತ್ತಾರೆ. ನೀರು ಪೂರ್ತಿ ನಿಂತಿರಬೇಕು, ಒಂದು ನಲ್ಲಿ ತೊಟ್ಟಿಕ್ಕುತ್ತಿದ್ದರೂ ಬಿರಡೆ ಕಟ್ಟುವುದಿಲ್ಲ. ಹೆಪ್ಪುಗಟ್ಟುವ ನೀರು ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ವಾಲ್ವ್ ಅಥವಾ ಮುಚ್ಚಿದ ತುದಿಯ ತೀರ ಹತ್ತಿರ ಮಾಡಬಾರದು. ಪ್ಲಾಸ್ಟಿಕ್ ಪೈಪಿಗೆ ಬೇಡ: ಚಳಿ ಒಳಗೆ ಇಳಿಯುವುದೇ ನಿಧಾನ, ಜೊತೆಗೆ ಸಿಪಿವಿಸಿಯಂಥದ್ದು ಆ ಚಳಿಗೆ ಗಾಜಿನಷ್ಟು ಪೆಡಸಾಗಿ ಸೀಳಬಹುದು.

ಪ್ರಶ್ನೆ: ನೀರು ಶುದ್ಧೀಕರಣ ಯಂತ್ರಕ್ಕೆ, ಹರಿಯುವ ಪೈಪಿಗೇ ಚುಚ್ಚಿ ಕೂರಿಸುವ ಸ್ಯಾಡಲ್ ವಾಲ್ವ್ ಹಾಕಬಹುದೇ?

ಉತ್ತರ: ಬೇಡ. ರಂಧ್ರ ಸಣ್ಣದು, ಬೇಗ ಕಟ್ಟಿಕೊಳ್ಳುತ್ತದೆ. ರಬ್ಬರ್ ಒಣಗಿದ ಮೇಲೆ ಸೋರುತ್ತದೆ, ಆಗ ಆ ಪೈಪಿನ ತುಂಡನ್ನೇ ಕತ್ತರಿಸಬೇಕು. ಸಿಂಕಿನ ಕೆಳಗಿನ ಆಂಗಲ್ ವಾಲ್ವಿಗೆ ಮೊದಲ ಉತ್ತರದಲ್ಲಿ ಹೇಳಿದ ಥರದ್ದೇ ಟೀ ಹಾಕಿ.

ಪ್ರಶ್ನೆ: ಸೋಲಾರ್ ಬಿಸಿನೀರಿನ ಲೈನನ್ನು ಬದಲಿಸಲು ಸೋಲಾರ್ ಟ್ಯಾಂಕ್ ಖಾಲಿ ಮಾಡಬೇಕೇ?

ಉತ್ತರ: ಬೇಕಿಲ್ಲ. ಒತ್ತಡವಿಲ್ಲದ ಸಾಮಾನ್ಯ ಸೋಲಾರ್ ಟ್ಯಾಂಕಿನಲ್ಲಿ ಬಿಸಿನೀರು ಹೊರಡುವುದು ಮೇಲ್ಭಾಗದಿಂದ, ಅದನ್ನು ಹೊರಗೆ ತಳ್ಳುವುದು ಕೆಳಗಿನಿಂದ ಬರುವ ತಣ್ಣೀರು. ತಣ್ಣೀರಿನ ವಾಲ್ವ್ ಮುಚ್ಚಿದರೆ ಔಟ್‌ಲೆಟ್ಟಿಗಿಂತ ಮೇಲಿರುವ ನೀರಷ್ಟೇ ಇಳಿದು ನಿಲ್ಲುತ್ತದೆ, ಉಳಿದದ್ದು ಟ್ಯಾಂಕಿನಲ್ಲೇ ಇರುತ್ತದೆ. ಮುಂಜಾನೆ ಮಾಡಿ, ಫಲಕಕ್ಕೆ ದಪ್ಪ ಬಟ್ಟೆ ಹೊದಿಸಿ. ಗಾಜಿನ ಕೊಳವೆಯ ಮಾದರಿಯಾದರೆ ಇನ್ನೂ ಎಚ್ಚರ: ನೀರಿಲ್ಲದೆ ಬಿಸಿಲಿಗೆ ಕಾದ ಕೊಳವೆಗೆ ತಣ್ಣೀರು ಬಿದ್ದರೆ ಪಟಾರನೆ ಒಡೆಯುತ್ತದೆ. ಟ್ಯಾಂಕಿನ ಮೇಲೆ ಬಾಯಿ ತೆರೆದುಕೊಂಡು ನಿಂತಿರುವ ಗಾಳಿ ಪೈಪಿಗೆ ವಾಲ್ವ್ ಹಾಕುವ ಯೋಚನೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಆವಿಗೂ ಒತ್ತಡಕ್ಕೂ ಇರುವ ದಾರಿ ಅದೊಂದೇ. ಬದಲಿಗೆ ಹಾಕುವ ಪೈಪ್ ಬಿಸಿನೀರಿನದೇ ಆಗಿರಲಿ, ಸಾದಾ ಯುಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ.

ಪ್ರಶ್ನೆ: ಕೆಲಸವೆಲ್ಲ ಮುಗಿದು ವಾಲ್ವ್ ತೆರೆದರೂ ಒಂದು ಬಚ್ಚಲಿಗೆ ಮಾತ್ರ ನೀರು ಬರುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಎರಡೇ ಸಾಧ್ಯತೆ, ಗಾಳಿ ಇಲ್ಲವೇ ಕಸ. ನಲ್ಲಿ ಮೊದಲು ಉಸಿರು ಬಿಟ್ಟು, ಸ್ವಲ್ಪ ನೀರು ಉಗುಳಿ ನಿಂತರೆ ಗಾಳಿ. ಪೈಪ್ ಎಲ್ಲೋ ಬಾಗಿಲಿನ ಮೇಲೋ ತೊಲೆಯ ಮೇಲೋ ಏರಿ ಇಳಿದಿರುತ್ತದೆ, ಆ ಡುಬ್ಬದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ಆ ನಲ್ಲಿಗಿಂತ ಎರಡು ಮೂರು ಮೀಟರ್ ಮಾತ್ರ ಮೇಲಿದ್ದರೆ ಗಾಳಿಯನ್ನು ತಳ್ಳುವಷ್ಟು ಬಲ ಬಾರದು. ಒತ್ತಡ ಜೋರಾಗಿರುವ ಬೇರೊಂದು ನಲ್ಲಿಗೂ ಈ ನಲ್ಲಿಗೂ ಹೋಸ್ ಜೋಡಿಸಿ, ಎರಡನ್ನೂ ತೆರೆದು ಅರ್ಧ ನಿಮಿಷ ಹಿಮ್ಮುಖವಾಗಿ ನೀರು ಬಿಡಿ. ಗಾಳಿ ಟ್ಯಾಂಕಿನ ಕಡೆಗೆ ಹೋಗುತ್ತದೆ. ಎರಡೂ ಕುಡಿಯುವ ನೀರಿನ ಲೈನೇ ಆಗಿರಬೇಕು, ಹೋಸ್ ಸ್ವಚ್ಛವಾಗಿರಬೇಕು.

ಉಸಿರೂ ಇಲ್ಲ, ದಾರದಷ್ಟು ನೀರು ಬರುತ್ತಿದೆ ಎಂದರೆ ಕಸ. ಕತ್ತರಿಸಿದಾಗ ಬಿದ್ದ ಪುಡಿ, ಟೇಪಿನ ಎಳೆ, ಅಲುಗಾಡಿದ ತುಕ್ಕು ಎಲ್ಲ ಬಂದು ಕೂರುವುದು ನಲ್ಲಿಯ ತುದಿಯ ಜಾಲರಿಯಲ್ಲಿ, ಶವರಿನ ತೂತುಗಳಲ್ಲಿ, ಆಂಗಲ್ ವಾಲ್ವಿನ ಬಾಯಿಯಲ್ಲಿ. ಬಿಚ್ಚಿ ತೊಳೆಯಿರಿ. ಮುಂದಿನ ಸಲ ವಾಲ್ವ್ ತೆರೆಯುವ ಮೊದಲೇ ಜಾಲರಿಗಳನ್ನು ಬಿಚ್ಚಿಟ್ಟು, ವಾಲ್ವನ್ನು ಕಾಲು ಭಾಗ ಮಾತ್ರ ತೆರೆದು, ಕೆಳಗಿನ ನಲ್ಲಿಯಿಂದ ಆರಂಭಿಸಿ ಒಂದೊಂದಾಗಿ ಮೇಲಕ್ಕೆ ಬನ್ನಿ. ಹೊಸ ಜೋಡಣೆಗಳ ಕೆಳಗೆ ಒಣ ಟಿಶ್ಯೂ ಕಾಗದ ಸುತ್ತಿಟ್ಟು ಕಾಲು ಗಂಟೆಯ ನಂತರ ಒಮ್ಮೆ, ಗಂಟೆಯ ನಂತರ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ನೋಡಿ. ಕಣ್ಣಿಗೆ ಕಾಣದ ಸೋರಿಕೆ ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಅಲ್ಲಿಯ ತನಕ ಗೋಡೆಗೆ ಗಾರೆ ಮೆತ್ತಬೇಡಿ.